ಕೊಯಮತ್ತೂರಿನ ಮೈದಾನದಿಂದ ನಾಳೆಯ ದಿಗ್ಗಜರ ಲೆಕ್ಕ

2019ರ ಮಾರ್ಚ್ 9, ಶನಿವಾರ. ಕೊಯಮತ್ತೂರಿನ ನೆಹರೂ ಸ್ಟೇಡಿಯಂನಲ್ಲಿ ಐ-ಲೀಗ್‌ನ ಕೊನೆಯ ದಿನ. ಚೆನ್ನೈ ಸಿಟಿ ಎಫ್‌ಸಿ ಬಳಿ 40 ಪಾಯಿಂಟು, ಬೆನ್ನಿಗೇ ಇದ್ದ ಈಸ್ಟ್ ಬೆಂಗಾಲ್ ಬಳಿ 39. ಅದೇ ಹೊತ್ತಿಗೆ ಅತ್ತ ಕೋಳಿಕ್ಕೋಡಿನಲ್ಲಿ ಈಸ್ಟ್ ಬೆಂಗಾಲ್ ಗೋಕುಲಂ ಕೇರಳದ ಎದುರು ಆಡುತ್ತಿದೆ. ಇಲ್ಲಿ ಆಟ ಶುರುವಾಗಿ ಮೂರನೇ ನಿಮಿಷಕ್ಕೇ ಮಿನರ್ವಾ ಪಂಜಾಬ್ ಗೋಲು ಹೊಡೆದುಬಿಟ್ಟಿತು! ಎರಡನೇ ಅರ್ಧದಲ್ಲಿ ಪೆಡ್ರೊ ಮಾಂಜಿ ಪೆನಾಲ್ಟಿಯಲ್ಲಿ ಸಮ ಮಾಡಿದರು. ಆಮೇಲೆ ಗೌರವ್ ಬೋರಾ ಹೊಡೆದದ್ದು ಒಂದಲ್ಲ, ಎರಡು ಗೋಲು. 3-1. ಅತ್ತ ಹಿಂದೆ ಬಿದ್ದಿದ್ದ ಈಸ್ಟ್ ಬೆಂಗಾಲ್ ಕೊನೆಗೆ 2-1ರಿಂದ ಗೆದ್ದೇಬಿಟ್ಟಿತ್ತು. ಇಲ್ಲಿ ಪಂದ್ಯ ಸಮವಾಗಿದ್ದರೂ ಕಪ್ಪು ಕೋಲ್ಕತ್ತಾಕ್ಕೆ ಹೋಗುತ್ತಿತ್ತು. 43ಕ್ಕೆ 42, ಒಂದೇ ಪಾಯಿಂಟಿನ ಅಂತರದಲ್ಲಿ ತಮಿಳುನಾಡಿನ ಕ್ಲಬ್ಬೊಂದು ಮೊದಲ ಸಲ ಐ-ಲೀಗ್ ಚಾಂಪಿಯನ್!

ಆ ಋತುವಿನ ಅಂಕಪಟ್ಟಿಯನ್ನು ಎದುರಿಗಿಟ್ಟುಕೊಂಡು ಒಂದು ಪ್ರಶ್ನೆ ಕೇಳಿ ನೋಡಿ. ಆ ದಿನ ಅಂಗಳದಲ್ಲಿದ್ದ, ಅಥವಾ ಅದರ ಹಿಂದಿನ ವರ್ಷ ಅದೇ ಹುಲ್ಲಿನ ಮೇಲೆ ಓಡಿದ್ದ ಹುಡುಗರಲ್ಲಿ ಮೂವತ್ತು ವರ್ಷಗಳ ಬಳಿಕವೂ ಯಾರ ಹೆಸರು ಉಳಿದಿರುತ್ತದೆ? ಯಾರಿಗೆ ಅರ್ಜುನ, ಯಾರಿಗೆ ಪದ್ಮಶ್ರೀ, ಏಷ್ಯಾದ ಗೌರವಪಟ್ಟಿಯಲ್ಲಿ ಯಾರಿಗೆ ಜಾಗ? ಇದು ಹರಟೆಕಟ್ಟೆಯ ಪ್ರಶ್ನೆ ಎಂದೇ ನಾನು ನಂಬಿದ್ದೆ. ಅಲ್ಲ! ಇದಕ್ಕೆ ಲೆಕ್ಕವಿದೆ. ನಲವತ್ತು ವರ್ಷಗಳಿಂದ ಜನ ಕೂತು ಕಟ್ಟಿದ, ತಿದ್ದಿದ, ಬೆರಗು ಹುಟ್ಟಿಸುವಷ್ಟು ಕರಾರುವಾಕ್ಕಾದ ಲೆಕ್ಕ.

ಅದನ್ನು ಶುರುಮಾಡಿದವರು ಪ್ರೊಫೆಸರರಲ್ಲ. ಅಮೆರಿಕದ ಕನ್ಸಾಸ್‌ನಲ್ಲಿ, ಹಂದಿಮಾಂಸ ಮತ್ತು ಬೀನ್ಸ್ ಅನ್ನು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ರಾತ್ರಿ ಪಾಳಿಯ ಕಾವಲುಗಾರರಾಗಿದ್ದ ಬಿಲ್ ಜೇಮ್ಸ್. ಕಾವಲಿನ ನಡುವೆ ಬೇಸ್‌ಬಾಲ್ ಅಂಕಿಗಳನ್ನು ಕೆದಕುತ್ತಿದ್ದ ಅವರು 1977ರಲ್ಲಿ ತಮ್ಮದೇ ಖರ್ಚಿನಲ್ಲಿ ಪುಸ್ತಕ ತಂದರು. 1980ರ ದಶಕದಲ್ಲಿ ‘ಹಾಲ್ ಆಫ್ ಫೇಮ್ ಮಾನಿಟರ್’ ಎಂಬ ಅಳತೆಯನ್ನು ಕಟ್ಟಿದರು. ಇಂಥ ಸಾಧನೆಗೆ ಇಷ್ಟು ಅಂಕ, ಅಂಥದಕ್ಕೆ ಅಷ್ಟು. ಕೂಡಿಸಿದರೆ ನೂರು ದಾಟಿತೋ, ದಿಗ್ಗಜರ ಸಾಲಿನಲ್ಲಿ ಕುರ್ಚಿ ಬಹುಮಟ್ಟಿಗೆ ಖಾತ್ರಿ.

ಇಲ್ಲೇ ನನ್ನ ಕಣ್ಣು ಅರಳಿದ್ದು. ಆಟಗಾರ ಎಷ್ಟು ಒಳ್ಳೆಯವನು ಎಂಬುದನ್ನು ಈ ಲೆಕ್ಕ ಅಳೆಯುವುದೇ ಇಲ್ಲ! ಅದಕ್ಕೆ ಜೇಮ್ಸ್ ಬೇರೆಯದೇ ಒಂದು ಅಳತೆಯನ್ನು ಇಟ್ಟಿದ್ದರು. ಮಾನಿಟರ್ ಅಳೆಯುವುದು ದಿಗ್ಗಜರ ಸಾಲಿಗೆ ಆರಿಸಲು ಮತ ಹಾಕುವವರ ಮನಸ್ಸನ್ನು. ಆ ಮನಸ್ಸು ಹಿಂದೆ ಯಾವುದಕ್ಕೆ ಒಲಿದಿತ್ತೋ ಮುಂದೆಯೂ ಅದಕ್ಕೇ ಒಲಿಯುತ್ತದೆ. ಆಟಗಾರನ ಭವಿಷ್ಯ ತಿಳಿಯಬೇಕಾದರೆ ತೀರ್ಪುಗಾರನ ಭೂತಕಾಲವನ್ನು ಓದಬೇಕು ಎಂದಾಯಿತು. ಇದನ್ನು ಅರ್ಥಮಾಡಿಕೊಂಡ ಮೇಲೆ ಯಾವ ಪ್ರಶಸ್ತಿ ಪಟ್ಟಿಯೂ ನನಗೆ ಮೊದಲಿನಂತೆ ಕಾಣಲಿಲ್ಲ.

ಬಳಿಕ ಬಂದವರು ಇದನ್ನು ಸಂಭವನೀಯತೆಯ ಗಣಿತಕ್ಕೆ ಏರಿಸಿದರು. ಒಳಗೆ ಹೋದವರನ್ನೂ ಹೊರಗುಳಿದವರನ್ನೂ ಒಟ್ಟಿಗೆ ಕಂಪ್ಯೂಟರಿಗೆ ಕೊಡುತ್ತಾರೆ. ಯಾವ ಗುಣಕ್ಕೆ ಎಷ್ಟು ತೂಕ ಕೊಟ್ಟರೆ ಈ ಎರಡು ಗುಂಪು ಚೆನ್ನಾಗಿ ಬೇರೆಯಾಗುತ್ತವೆ ಎಂದು ಅದು ಹುಡುಕುತ್ತದೆ. ಆಮೇಲೆ ಇನ್ನೂ ಆಡುತ್ತಿರುವವನ ಅಂಕಿಗಳನ್ನು ಕೊಟ್ಟರೆ ‘ಇವನಿಗೆ ನೂರಕ್ಕೆ ಇಷ್ಟು ಅವಕಾಶ’ ಎಂದು ಹೇಳುತ್ತದೆ. ಬ್ಯಾಸ್ಕೆಟ್‌ಬಾಲ್‌ಗೆ ಹೀಗೆ ಕಟ್ಟಿದ ಒಂದು ಪ್ರಸಿದ್ಧ ಸೂತ್ರದಲ್ಲಿ ಗೆದ್ದ ಚಾಂಪಿಯನ್‌ಷಿಪ್, ಆಲ್‌ಸ್ಟಾರ್ ಆಯ್ಕೆಗಳ ಜೊತೆಗೆ ಆಟಗಾರನ ಎತ್ತರವೂ ಇದೆ. ಎತ್ತರದವನಿಗೆ ಲಾಭ ಎಂದುಕೊಂಡಿರಾ? ಉಲ್ಟಾ! ಒಂದೇ ಸಾಧನೆ ಮಾಡಿದ ಇಬ್ಬರಲ್ಲಿ ಗಿಡ್ಡನೆಯವನಿಗೇ ಹೆಚ್ಚು ಅವಕಾಶ. ಈ ಒಲವನ್ನು ಯಾವ ನಿಯಮದಲ್ಲೂ ಯಾರೂ ಬರೆದಿಲ್ಲ. ಮತ ಹಾಕಿದವರ ಕೈಯಿಂದ ಅದು ತಾನಾಗಿ ಜಾರಿ ಅಂಕಿಗಳಲ್ಲಿ ಬಂದು ಕೂತಿದೆ.

ಅಮೆರಿಕದವರು ಫುಟ್‌ಬಾಲ್ ಎನ್ನುವ ಆಟವೇ ಬೇರೆ, ನಮಗೆ ಗೊತ್ತು. ಅದರ ದಿಗ್ಗಜರ ಮಂದಿರ 1963ರಲ್ಲಿ ಓಹಿಯೊ ರಾಜ್ಯದ ಕ್ಯಾಂಟನ್‌ನಲ್ಲಿ ತೆರೆಯಿತು. ಒಳಗೆ ಹೋಗಲು ಆಯ್ಕೆಗಾರರಲ್ಲಿ ನೂರಕ್ಕೆ ಎಂಬತ್ತು ಮಂದಿ ಹೂಂ ಎನ್ನಬೇಕು. ಅಲ್ಲಿನ ಸೂತ್ರಗಳೂ ನಿಖರವಾಗಿಯೇ ಇವೆ, ಆದರೆ ಅವು ಎಡವುವ ಜಾಗಗಳು ಇನ್ನೂ ಸೋಜಿಗದವು. ಟೆರೆಲ್ ಓವೆನ್ಸ್ ನಿವೃತ್ತರಾದಾಗ ಚೆಂಡು ಹಿಡಿದು ಕ್ರಮಿಸಿದ ದೂರದಲ್ಲಿ ಇತಿಹಾಸದಲ್ಲೇ ಎರಡನೆಯವರು. ಯಾವ ಲೆಕ್ಕ ಹಾಕಿದರೂ ಮೊದಲ ಸಲವೇ ಆಯ್ಕೆಯಾಗಬೇಕಿತ್ತು. ಆದದ್ದು ಮೂರನೇ ಸಲ, 2018ರಲ್ಲಿ. ಕಾಲಿನಿಂದ ಚೆಂಡನ್ನು ದೂರ ಒದ್ದು ಕೊಡುವುದನ್ನೇ ಕಸುಬಾಗಿಸಿಕೊಂಡಿದ್ದ ರೇ ಗೈ 1986ರವರೆಗೆ ಆಡಿದರು. ಒಳಗೆ ಹೋದದ್ದು 2014ರಲ್ಲಿ! ಆಡುವ ಜಾಗವೊಂದೇ ಒಬ್ಬನನ್ನು ಹತ್ತಿರ ಹತ್ತಿರ ಮೂವತ್ತು ವರ್ಷ ಬಾಗಿಲ ಹೊರಗೆ ನಿಲ್ಲಿಸಬಲ್ಲದು.

ಹಾಗಾದರೆ ಈ ಕನ್ನಡಕವನ್ನು ನಮ್ಮ ಕಡೆ ತಿರುಗಿಸಿದರೆ?

ನಮ್ಮ ಫುಟ್‌ಬಾಲಿಗರಿಗೆ ಆ ಮಂದಿರದ ಕೆಲಸವನ್ನು ಮಾಡುವುದು ಅರ್ಜುನ ಮತ್ತು ಪದ್ಮ ಪ್ರಶಸ್ತಿಗಳು. 1961ರಲ್ಲಿ ಅರ್ಜುನ ಶುರುವಾದಾಗ ಫುಟ್‌ಬಾಲ್‌ನಿಂದ ಮೊದಲು ಪಡೆದವರು ಪಿ.ಕೆ. ಬ್ಯಾನರ್ಜಿ. ಮರುವರ್ಷವೇ ಗೋಷ್ಠ ಪಾಲ್ ಪದ್ಮಶ್ರೀ ಪಡೆದ ಮೊದಲ ಫುಟ್‌ಬಾಲಿಗರಾದರು. ಆಮೇಲೆ ಶೈಲೇನ್ ಮನ್ನಾ 1971, ಚುನಿ ಗೋಸ್ವಾಮಿ 1983, ಪಿ.ಕೆ. 1990. ಈ ವರ್ಷಗಳನ್ನು ಅವರು ಆಡುತ್ತಿದ್ದ ವರ್ಷಗಳ ಪಕ್ಕದಲ್ಲಿಟ್ಟು ನೋಡಿ. ಚುನಿ 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ತಂಡದ ನಾಯಕ. ಫೈನಲ್‌ನಲ್ಲಿ ದಕ್ಷಿಣ ಕೊರಿಯಾ ವಿರುದ್ಧ ನಮ್ಮ ಎರಡು ಗೋಲುಗಳಲ್ಲಿ ಒಂದು ಪಿ.ಕೆ. ಅವರದು. ದೇಶದ ಪದ್ಮ ಅವರನ್ನು ಹುಡುಕಿಕೊಂಡು ಬರಲು ಒಬ್ಬರಿಗೆ 21 ವರ್ಷ, ಇನ್ನೊಬ್ಬರಿಗೆ 28 ವರ್ಷ ಬೇಕಾಯಿತು.

ಈಗ ಎರಡು ಹೆಸರುಗಳನ್ನು ಜೊತೆಗಿಡುತ್ತೇನೆ. ಬೈಚುಂಗ್ ಭುಟಿಯಾ ಮತ್ತು ಐ.ಎಂ. ವಿಜಯನ್, ಭಾರತ ಕಂಡ ಅತಿ ಚೆಂದದ ಜೋಡಿಗಳಲ್ಲೊಂದು. ವಿಜಯನ್ ಹಿರಿಯರು. ತ್ರಿಶೂರಿನ ಮೈದಾನದಲ್ಲಿ ಸೋಡಾ ಮಾರಿ ಬೆಳೆದ ಹುಡುಗ. ಅದು ಕೊಯಮತ್ತೂರಿನಿಂದ ಪಾಲಕ್ಕಾಡು ಕಣಿವೆ ದಾಟಿದರೆ ಸಿಗುವ ಊರು. ಅರ್ಜುನ ಬಂದದ್ದು ಭುಟಿಯಾಗೆ 1998ರಲ್ಲಿ, ವಿಜಯನ್‌ಗೆ 2003ರಲ್ಲಿ. ಪದ್ಮಶ್ರೀ ಭುಟಿಯಾಗೆ 2008ರಲ್ಲಿ, ಇನ್ನೂ ಆಡುತ್ತಿರುವಾಗಲೇ. ವಿಜಯನ್‌ಗೆ 2025ರಲ್ಲಿ! ಒಂದೇ ಅಂಗಿ, ಒಂದೇ ಗೋಲುಪೆಟ್ಟಿಗೆ, ಹದಿನೇಳು ವರ್ಷಗಳ ಅಂತರ. ಭುಟಿಯಾ 1999ರಲ್ಲಿ ಇಂಗ್ಲೆಂಡಿನ ಬರಿ ಕ್ಲಬ್ಬಿಗೆ ಹೋದರು, ಬಹುಕಾಲ ದೇಶದ ನಾಯಕರಾದರು, 2014ರಲ್ಲಿ ಏಷ್ಯನ್ ಫುಟ್‌ಬಾಲ್ ಒಕ್ಕೂಟ ಮೊದಲ ಸಲ ಹಾಲ್ ಆಫ್ ಫೇಮ್ ಪಟ್ಟಿ ಮಾಡಿದಾಗ ಆ ಹತ್ತು ಹೆಸರುಗಳಲ್ಲಿ ಒಬ್ಬರಾದರು. ಕೌಶಲದಲ್ಲಿ ವಿಜಯನ್ ಒಂದು ಕೂದಲೂ ಕಡಿಮೆಯಿರಲಿಲ್ಲ ಎಂದೇ ನಾನು ಹೇಳುತ್ತೇನೆ. ಆಯ್ಕೆಗಾರರ ಕಣ್ಣಿಗೆ ಬೀಳುವ ಎತ್ತರದಲ್ಲಿ ನಿಂತವರು ಭುಟಿಯಾ. ನಮ್ಮ ಸೂತ್ರದಲ್ಲಿ ‘ನಾಯಕತ್ವ’ ಮತ್ತು ‘ವಿದೇಶಿ ಕ್ಲಬ್’ ಎಂಬ ಎರಡು ಭಾರವಾದ ತೂಕಗಳಿವೆ, ಇದೋ ಸಾಕ್ಷಿ.

ಸುನಿಲ್ ಚೆಟ್ರಿ ವಿಷಯದಲ್ಲಿ ಸೂತ್ರವೇ ಬೇಕಿಲ್ಲ. 2024ರ ಜೂನ್ 6ರಂದು ಕೋಲ್ಕತ್ತಾದಲ್ಲಿ ಕುವೈತ್ ಎದುರು ಆಡಿ ವಿದಾಯ ಹೇಳಿದಾಗ 151 ಅಂತರರಾಷ್ಟ್ರೀಯ ಪಂದ್ಯ, 94 ಗೋಲು. 2011ರಲ್ಲಿ ಅರ್ಜುನ, 2019ರಲ್ಲಿ ಪದ್ಮಶ್ರೀ, 2021ರಲ್ಲಿ ಖೇಲ್‌ರತ್ನ. ನಮ್ಮ ಬೆಂಗಳೂರು ಎಫ್‌ಸಿಯ ನಾಯಕನಾಗಿ ಮೆರೆದ ಈ ಆಟಗಾರನನ್ನು ಊಹಿಸುವುದು ಸೂರ್ಯ ಮೂಡುವುದನ್ನು ಊಹಿಸಿದ ಹಾಗೆ.

ನಿಜವಾದ ಅಚ್ಚರಿ ಸಿಕ್ಕಿದ್ದು ಚೆಟ್ರಿಯ ನೆರಳಿನಲ್ಲಿ. 2016ರಿಂದ 2020ರವರೆಗೆ ಅರ್ಜುನ ಪಡೆದ ಪುರುಷ ಫುಟ್‌ಬಾಲಿಗರು ಯಾರು? 2016ರಲ್ಲಿ ಸುಬ್ರತಾ ಪಾಲ್, ಗೋಲ್‌ಕೀಪರ್. 2019ರಲ್ಲಿ ಗುರುಪ್ರೀತ್ ಸಿಂಗ್ ಸಂಧು, ಗೋಲ್‌ಕೀಪರ್. 2020ರಲ್ಲಿ ಸಂದೇಶ್ ಝಿಂಗನ್, ಡಿಫೆಂಡರ್. ಗೋಲು ಹೊಡೆಯುವವರು ಒಬ್ಬರೂ ಇಲ್ಲ! ಅದರ ಮೇಲೆ 2022ರಲ್ಲಿ ಪದ್ಮಶ್ರೀ ಪಡೆದ ಬ್ರಹ್ಮಾನಂದ ಸಂಖವಾಲ್ಕರ್ ಕೂಡ ಗೋಲ್‌ಕೀಪರ್. ಜಗತ್ತಿನ ಬಹುತೇಕ ಪ್ರಶಸ್ತಿಗಳು ದಾಳಿಕೋರರ ಹಿಂದೆ ಓಡುವಾಗ ನಮ್ಮವು ಮಾತ್ರ ಗೋಲುಪೆಟ್ಟಿಗೆ ಕಾಯುವವರ ಹಿಂದೆ!

ಯಾಕೆ ಎಂದು ಯೋಚಿಸುತ್ತ ಹೋದಂತೆ ಎಲ್ಲವೂ ಕೂಡಿಬರುತ್ತದೆ. ಅರ್ಜುನಕ್ಕೆ ಅಂಕ ಕೊಡುವ ಕ್ರಮದಲ್ಲಿ ಒಲಿಂಪಿಕ್ಸ್, ಏಷ್ಯನ್ ಗೇಮ್ಸ್‌ನಂಥ ಕೂಟಗಳ ಪದಕಗಳಿಗೆ ದೊಡ್ಡ ತೂಕ. ನಮ್ಮ ಪುರುಷರ ತಂಡ ಏಷ್ಯನ್ ಗೇಮ್ಸ್‌ನಲ್ಲಿ ಕೊನೆಯದಾಗಿ ಪದಕ ಗೆದ್ದದ್ದು 1970ರ ಬ್ಯಾಂಕಾಕ್‌ನಲ್ಲಿ, ಕಂಚು. ಪದಕದ ಖಾನೆ ಎಲ್ಲರಿಗೂ ಖಾಲಿ. ಉಳಿಯುವುದು ದೊಡ್ಡ ಎದುರಾಳಿಯ ಮುಂದೆ ಕಣ್ಣಿಗೆ ಕಟ್ಟುವ ಆಟ ಮಾತ್ರ. ದೊಡ್ಡ ಎದುರಾಳಿಯ ಮುಂದೆ ಭಾರತ ಏನು ಮಾಡುತ್ತದೆ? ತೊಂಬತ್ತು ನಿಮಿಷ ತಡೆಯುತ್ತದೆ. 2019ರ ಸೆಪ್ಟೆಂಬರ್ 10ರಂದು ದೋಹಾದಲ್ಲಿ ಏಷ್ಯಾ ಚಾಂಪಿಯನ್ ಕತಾರ್ ಎದುರು 0-0. ಚೆಟ್ರಿ ಇರಲಿಲ್ಲ, ಗುರುಪ್ರೀತ್ ನಾಯಕರು. ಹೊಡೆತದ ಮೇಲೆ ಹೊಡೆತ ಬಂದರೂ ಒಂದೂ ಒಳಗೆ ಹೋಗಲಿಲ್ಲ. ಆ ಸಂಜೆ ಇಡೀ ದೇಶ ನೋಡಿದ್ದು ಒಬ್ಬ ಗೋಲ್‌ಕೀಪರನನ್ನು. ತಂಡ ಬಡವಾದಷ್ಟೂ ಕಾವಲುಗಾರನ ಮೇಲೆ ಬೆಳಕು ಹೆಚ್ಚು ಬೀಳುತ್ತದೆ.

ಸರಿ, ಈ ಸೂತ್ರವನ್ನು ಹಿಡಿದು ಕೊಯಮತ್ತೂರಿಗೆ ಮರಳೋಣ. ಕನ್ನಡಿಗರಿಗೆ ಈ ಊರು ದೂರದ್ದಲ್ಲ. ಕೊಳ್ಳೇಗಾಲ 1956ರವರೆಗೆ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು, ಇವತ್ತಿಗೂ ಇಲ್ಲಿನ ದೇವಾಂಗರ ಮನೆಗಳಲ್ಲಿ ಆಡುವ ಮಾತು ಕನ್ನಡ. 1946ರಲ್ಲಿ ನೇತಾಜಿ ಸ್ಪೋರ್ಟ್ಸ್ ಕ್ಲಬ್ ಎಂದು ಶುರುವಾದ ಚೆನ್ನೈ ಸಿಟಿ, 2017-18ರಲ್ಲಿ ತನ್ನ ತವರು ಪಂದ್ಯಗಳನ್ನು ಚೆನ್ನೈ ಬಿಟ್ಟು ಇಲ್ಲಿಗೆ ತಂದಿತು. ಮರುವರ್ಷ ಸಿಂಗಪುರದ ಅಕ್ಬರ್ ನವಾಸ್ ಕೋಚ್ ಆಗಿ ಬಂದರು. ಸ್ಪೇನ್‌ನ ಕೆಳಹಂತದ ಲೀಗುಗಳಿಂದ ಕೆಲವರನ್ನು ಕರೆತಂದರು, ಪಕ್ಕದಲ್ಲಿ ತಮಿಳು ಹುಡುಗರನ್ನು ನಿಲ್ಲಿಸಿದರು. ಪೆಡ್ರೊ ಮಾಂಜಿ ಮೊದಲ ಪಂದ್ಯದಲ್ಲೇ ಇಂಡಿಯನ್ ಆರೋಸ್ ಮೇಲೆ ಹ್ಯಾಟ್ರಿಕ್ ಹೊಡೆದರು, ಋತು ಮುಗಿಯುವಾಗ ಅವರ ಹೆಸರಿನಲ್ಲಿ 21 ಗೋಲು. ಚರ್ಚಿಲ್ ಬ್ರದರ್ಸ್‌ನ ವಿಲ್ಲಿಸ್ ಪ್ಲಾಜಾ ಜೊತೆ ಇಡೀ ಲೀಗಿಗೆ ಅಗ್ರ. ನೆಸ್ಟರ್ ಗೋರ್ಡಿಯೊ, ಸಾಂಡ್ರೊ ರೋಡ್ರಿಗಸ್ ನಡುಮೈದಾನದಲ್ಲಿ ಚೆಂಡನ್ನು ಹೇಳಿದಂತೆ ಕೇಳಿಸುತ್ತಿದ್ದರು.

ನಂಬುತ್ತೀರಾ, ಅದೇ ವರ್ಷ ಸ್ವಿಟ್ಜರ್ಲೆಂಡಿನ ಎಫ್‌ಸಿ ಬಾಸೆಲ್ ಈ ಕ್ಲಬ್ಬಿನಲ್ಲಿ ಶೇ 26 ಪಾಲು ಕೊಂಡಿತು! ಬಾಸೆಲ್ ಎಂದರೆ ಯಾರು? ನಾಳೆಯ ದಿಗ್ಗಜರನ್ನು ಇವತ್ತೇ ಗುರುತಿಸುವುದನ್ನೇ ಬದುಕಾಗಿಸಿಕೊಂಡ ಕ್ಲಬ್. ರಾಕಿಟಿಚ್, ಶಾಕಿರಿ ಅಲ್ಲಿ ಅರಳಿದವರು. 2012ರ ಮಾರ್ಚ್‌ನಲ್ಲಿ, ಪೋರ್ಟ್ ಸೈದ್ ಕ್ರೀಡಾಂಗಣದ ದುರಂತದಿಂದ ಈಜಿಪ್ಟಿನ ಲೀಗ್ ನಿಂತುಹೋಗಿದ್ದಾಗ, ಬಾಸೆಲ್ ಆ ದೇಶದ 23 ವರ್ಷದೊಳಗಿನವರ ತಂಡದೊಂದಿಗೆ ಸ್ನೇಹಪಂದ್ಯ ಆಡಿತು. ಎರಡನೇ ಅರ್ಧಕ್ಕೆ ಇಳಿದ ಹುಡುಗನೊಬ್ಬ ಎರಡು ಗೋಲು ಹೊಡೆದ. ಅವನೇ ಮೊಹಮ್ಮದ್ ಸಲಾಹ್. ನಲವತ್ತೈದು ನಿಮಿಷ ಸಾಕಾಯಿತು! ಸಲಾಹ್‌ನನ್ನು ಹಾಗೆ ಕಂಡ ಕ್ಲಬ್ಬಿನ ಕಣ್ಣು ನೊಯ್ಯಲ್ ನದಿಯ ದಂಡೆಯ ಈ ಊರಿನ ತಂಡದ ಮೇಲೆ ಬಿದ್ದಿತ್ತು ಎಂದು ನೆನೆದರೆ ನನಗೆ ಇವತ್ತಿಗೂ ರೋಮಾಂಚನ.

ಆ ಹುಲ್ಲಿನಿಂದ ಎದ್ದವರನ್ನು ನೋಡಿ. 2017-18ರಲ್ಲಿ ಇಲ್ಲಿ ಆಡಿದ ಮೈಕೆಲ್ ಸೂಸೈರಾಜ್ ಕನ್ಯಾಕುಮಾರಿ ಕಡೆಯ ಮೀನುಗಾರರ ಊರಿನವರು. ಎಡಗಾಲಿನ ಆ ಓಟಕ್ಕೆ 2019ರಲ್ಲಿ ದೇಶದ ಅಂಗಿ ಸಿಕ್ಕಿತು, 2019-20ರಲ್ಲಿ ಎಟಿಕೆ ಜೊತೆ ಐಎಸ್‌ಎಲ್ ಗೆದ್ದರು. ಲೆಕ್ಕದ ಗೆರೆ ನೇರ ಮೇಲಕ್ಕೆ! ಮರು ಋತುವಿನ ಮೊದಲ ಪಂದ್ಯದ ಮೊದಲರ್ಧದಲ್ಲೇ ಮೊಣಕಾಲಿಗೆ ಪೆಟ್ಟಾಯಿತು, ಆ ವರ್ಷವೇ ಕೈಬಿಟ್ಟುಹೋಯಿತು. ಯಾವ ಸೂತ್ರವೂ ಮೊಣಕಾಲಿನ ಒಳಗೆ ಇಣುಕಲಾರದು, ಅಲ್ಲಿ ಗಣಿತ ಕೈಕಟ್ಟಿ ನಿಲ್ಲುತ್ತದೆ. ಅವರಂತೆ ಇದೇ ಕ್ಲಬ್ಬಿಗೆ ಆಡಿದ್ದ ನಂದಕುಮಾರ್ ಶೇಖರ್ ಇನ್ನೊಂದು ದಾರಿ ಹಿಡಿದರು. 2023ರ ಆಗಸ್ಟ್ 12, ಡ್ಯೂರಾಂಡ್ ಕಪ್, ಕೋಲ್ಕತ್ತಾ ಡರ್ಬಿ. ನಾಲ್ಕು ವರ್ಷಗಳಿಗೂ ಮೀರಿ ಮೋಹನ್ ಬಾಗಾನ್ ಎದುರು ಗೆಲುವನ್ನೇ ಕಾಣದಿದ್ದ ಈಸ್ಟ್ ಬೆಂಗಾಲ್‌ಗೆ ಅವರೊಬ್ಬರ ಗೋಲಿನಿಂದ 1-0 ಜಯ. 2024ರ ಜನವರಿಯಲ್ಲಿ ಸೂಪರ್ ಕಪ್ ಫೈನಲ್‌ನಲ್ಲೂ ಅವರ ಗೋಲು. ದೊಡ್ಡ ದಿನ ಬಂದಾಗ ಕಾಣಿಸಿಕೊಳ್ಳುವ ಗುಣವಿದೆಯಲ್ಲ, ಅದನ್ನು ಯಾವ ಆಯ್ಕೆಗಾರನೂ ಮರೆಯುವುದಿಲ್ಲ.

2019ರ ಚಾಂಪಿಯನ್ ತಂಡದ ಅಲೆಕ್ಸಾಂಡರ್ ರೊಮಾರಿಯೊ ಜೇಸುರಾಜ್ ಎಫ್‌ಸಿ ಗೋವಾ ಸೇರಿದರು. 2021ರಲ್ಲಿ ಏಷ್ಯನ್ ಚಾಂಪಿಯನ್ಸ್ ಲೀಗ್‌ನ ಗುಂಪು ಹಂತಕ್ಕೆ ಹೋದ ಮೊದಲ ಭಾರತೀಯ ಕ್ಲಬ್ ಅದು. ಎಡ್ವಿನ್ ಸಿಡ್ನಿ ವನ್ಸ್‌ಪಾಲ್ ಚೆನ್ನೈಯಿನ್‌ಗೆ ಹೋದರು. ಬಲಬದಿಯ ಡಿಫೆಂಡರ್ ಅಜಿತ್ ಕುಮಾರ್ 2020ರಲ್ಲಿ ನಮ್ಮ ಬೆಂಗಳೂರು ಎಫ್‌ಸಿಗೇ ಬಂದರು.

ಇಷ್ಟನ್ನು ಹೇಳಲು ಸಾಧ್ಯವಾದದ್ದೇ ಆ ಋತುವಿನ ಪ್ರತಿ ಗೋಲನ್ನೂ ಪ್ರತಿ ನಿಮಿಷವನ್ನೂ ಯಾರೋ ಬರೆದಿಟ್ಟದ್ದರಿಂದ. ಹಾಗಿದ್ದೂ ಉತ್ತರಾರ್ಧದ ಎಲ್ಲ ಪಂದ್ಯಗಳು ಟಿವಿಯಲ್ಲಿ ಬರಲಿಲ್ಲ. ಇದು ನನ್ನನ್ನು ಕಾಡುತ್ತದೆ, ಏಕೆಂದರೆ ಬರೆದಿಡದ ಹೊಳಪಿಗೆ ಏನಾಗುತ್ತದೆ ಎಂದು ಬೆಂಗಳೂರಿಗೆ ಗೊತ್ತು. 1948ರ ಜುಲೈ 31, ಲಂಡನ್ ಒಲಿಂಪಿಕ್ಸ್, ಇಲ್ಫೋರ್ಡ್ ಮೈದಾನ. ಬಹುಪಾಲು ಬರಿಗಾಲಿನ ಭಾರತ ಫ್ರಾನ್ಸ್ ಎದುರು 1-2ರಿಂದ ಸೋತಿತು. ಎರಡು ಪೆನಾಲ್ಟಿ ಕೈತಪ್ಪಿದವು. ನಮ್ಮ ಆ ಒಂದು ಗೋಲು, ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಫುಟ್‌ಬಾಲ್ ಗೋಲು, ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದು! ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹಮದ್ ಖಾನ್ 1951ರ ಏಷ್ಯನ್ ಗೇಮ್ಸ್ ಚಿನ್ನ ಗೆದ್ದರು, 1952ರ ಒಲಿಂಪಿಕ್ಸ್ ಆಡಿದರು, ಈಸ್ಟ್ ಬೆಂಗಾಲ್‌ನ ‘ಪಂಚಪಾಂಡವ’ರಲ್ಲಿ ಒಬ್ಬರೆಂದು ಕೋಲ್ಕತ್ತಾದ ಕಣ್ಮಣಿಯಾದರು. ಅರ್ಜುನ ಪ್ರಶಸ್ತಿ ಹುಟ್ಟುವ ಹೊತ್ತಿಗೆ ಅವರ ಆಟ ಮುಗಿದಿತ್ತು. ಹಲಸೂರಿನ ಪಕ್ಕದ ಗೌತಮಪುರದ ಜನ ಪೆಲೆಯ ಪ್ರತಿಮೆಯನ್ನೇ ನಿಲ್ಲಿಸಿದ್ದಾರೆ. ಅಂಥ ಪ್ರೀತಿಯ ಬೀದಿಗಳಿಂದ ಎದ್ದ ಎಷ್ಟು ಜನ ಯಾವ ನಿಮಿಷದಲ್ಲಿ ಯಾರಿಗೆ ಚೆಂಡು ಕೊಟ್ಟರು ಎಂಬುದು ಯಾವ ಪುಸ್ತಕಕ್ಕೂ ಏರಲಿಲ್ಲ. 1960ರ ರೋಮ್‌ನಲ್ಲಿ ಪೆರು ಎದುರು ಗೋಲು ಹೊಡೆದ ಸೈಮನ್ ಸುಂದರರಾಜ್ ತಮಿಳುನಾಡಿನವರು. ಒಲಿಂಪಿಕ್ಸ್‌ನಲ್ಲಿ ಗೋಲು ಹೊಡೆದ ಕೊನೆಯ ಭಾರತೀಯ ಇವತ್ತಿಗೂ ಅವರೇ! ಈ ಹೆಸರು ಎಷ್ಟು ಮನೆಗಳಲ್ಲಿ ಕೇಳಿಬರುತ್ತದೆ?

ಚಾಂಪಿಯನ್ ಪಟ್ಟದ ಬೆನ್ನಿಗೆ ಚೆನ್ನೈ ಸಿಟಿ 2020ರ ಜನವರಿಯಲ್ಲಿ ಏಷ್ಯನ್ ಚಾಂಪಿಯನ್ಸ್ ಲೀಗ್ ಅರ್ಹತಾ ಪಂದ್ಯದಲ್ಲಿ ಬಹ್ರೇನ್‌ನ ರಿಫ್ಫಾ ಎದುರು 0-1ರಿಂದ ಸೋತಿತು. ಕೆಲವೇ ವರ್ಷಗಳಲ್ಲಿ ಐ-ಲೀಗ್‌ನಿಂದಲೇ ಮರೆಯಾಯಿತು. ಕ್ಲಬ್ ಹೋದರೂ ಈ ಪ್ರದೇಶ ಬರಿದಾಗಿಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ. ಪಕ್ಕದ ತಿರುಪ್ಪೂರನ್ನು ನೋಡಿ. 2009ರಲ್ಲಿ ಜಿಲ್ಲೆಯಾದ ಈ ಬನಿಯನ್ ಕಂಪನಿಗಳ ಊರಿಗೆ ಒಡಿಶಾ, ಝಾರ್ಖಂಡ್, ಅಸ್ಸಾಂಗಳಿಂದ ದುಡಿಯುವವರು ಬಂದು ನೆಲೆಸಿದ್ದಾರೆ. ಫುಟ್‌ಬಾಲ್ ರಕ್ತದಲ್ಲೇ ಇರುವ ರಾಜ್ಯಗಳು ಅವು. ಅವರ ಮಕ್ಕಳು ಈಗ ಇಲ್ಲಿಯ ಶಾಲೆಗಳಲ್ಲಿ ತಮಿಳು ಕಲಿಯುತ್ತಿದ್ದಾರೆ.

ಹಾಗಾಗಿ ನನ್ನ ಭವಿಷ್ಯವನ್ನು ಹೆದರದೆ ಬರೆದಿಡುತ್ತೇನೆ. ಚೆನ್ನೈ ಸಿಟಿಗೆ ಆಡಿದ ಈ ಹುಡುಗರಲ್ಲಿ ಅರ್ಜುನಕ್ಕೆ ಹತ್ತಿರದ ದಾರಿ ನಂದಕುಮಾರ್ ಅವರದು. ಆದರೆ ದೇಶದ ಅಂಗಿಯಲ್ಲಿ ದೊಡ್ಡ ಎದುರಾಳಿಯ ಮೇಲೆ ಒಂದು ಮರೆಯಲಾಗದ ಗೋಲು ಬೇಕೇ ಬೇಕು, ದಾಳಿಕೋರನಿಂದ ನಮ್ಮ ಆಯ್ಕೆಗಾರರು ಅದಕ್ಕಿಂತ ಕಡಿಮೆಯದನ್ನು ಒಪ್ಪುವುದಿಲ್ಲ. ಮುಂದಿನ ತಲೆಮಾರಿನಲ್ಲಿ ಈ ಎರಡು ಜಿಲ್ಲೆಗಳಿಂದ ಒಬ್ಬರು ಆ ಪಟ್ಟಿಗೆ ಏರುವುದಾದರೆ ಅವರು ಗೋಲ್‌ಕೀಪರ್ ಅಥವಾ ಸೆಂಟರ್‌ಬ್ಯಾಕ್ ಆಗಿರುತ್ತಾರೆ, ಇಪ್ಪತ್ತೈದು ದಾಟುವ ಮೊದಲೇ ಹೊರದೇಶದ ಕ್ಲಬ್ಬೊಂದಕ್ಕೆ ಆಡಿರುತ್ತಾರೆ, ಮೂವತ್ತರ ಒಳಗೆ ತೋಳಿಗೆ ನಾಯಕನ ಪಟ್ಟಿ ಕಟ್ಟಿರುತ್ತಾರೆ. ತಿರುಪ್ಪೂರಿನ ಶಾಲಾ ಪಂದ್ಯಗಳಿಗೆ ಹೋಗುವವರೇ, ಈ ಸಲ ಗೋಲು ಹೊಡೆದವರ ಜೊತೆಗೆ ಗೋಲು ಉಳಿಸಿದವರ ಹೆಸರನ್ನೂ ತಾರೀಕು ಹಾಕಿ ಬರೆದುಕೊಳ್ಳಿ.